ಎಡಗಡೆ ಬಟನ್ನಿಗೆ ಕೆಂಪು ರಿಬ್ಬನ್

ಹೋದ ತಿಂಗಳು ಹತ್ತು ವರ್ಷದ ಒಬ್ಬ ಹುಡುಗಿಗೆ ನಾನು ಬಹುಮಾನ ಕೊಟ್ಟೆ. ಈಗ ಅದನ್ನು ವಾಪಸ್ ಕೇಳುತ್ತಿದ್ದೇನೆ. ಅವಳು ಕೊಡುತ್ತಿಲ್ಲ.

ಬಹುಮಾನ ದೊಡ್ಡದೇನಲ್ಲ. ಒಂದು ದಪ್ಪ ಹಾಳೆ, ಸುತ್ತ ಬಣ್ಣದ ಅಂಚು, ನಡುವೆ ನನ್ನ ಕೈಬರಹ: 'ಅತ್ಯುತ್ತಮ ಕೆಲಸಗಾರ್ತಿ. ಸಮಯಸ್ಫೂರ್ತಿಗಾಗಿ.' ಕೆಳಗೆ ನನ್ನ ಸಹಿ, ತಾರೀಖು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಒಳಪುಟದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಅಕ್ಷರದಲ್ಲಿ. ಈ ವಾರ ಇಡೀ ಅಂಕಣವೇ ಒಂದು ತಿದ್ದುಪಡಿ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಹೆಂಡತಿಯ ಬ್ಯಾಂಕ್ ವರ್ಗಾವಣೆಯ ಹಿಂದೆ ನಾನೂ ನಾಸಿಕ್ ರೋಡಿಗೆ ಬಂದದ್ದು ನಿಮಗೆ ಗೊತ್ತೇ ಇದೆ. ಅವಳ ಹಳೆಯ ಸಹೋದ್ಯೋಗಿ ಗುರುರಾಜ ಈಗ ಛತ್ರಪತಿ ಸಂಭಾಜಿನಗರದಲ್ಲಿದ್ದಾರೆ. ಅವರ ಪತ್ನಿ ವೀಣಾ ಮೇಡಂ ಧಾರವಾಡದವರು. ಅಲ್ಲಿನ ಕನ್ನಡ ಮಕ್ಕಳಿಗೆ ಭಾನುವಾರದ ಕ್ಲಾಸ್ ನಡೆಸುತ್ತಾರೆ. ಬ್ಯಾಂಕಿನವರ ಮಕ್ಕಳು ಬರುತ್ತಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಂಪನಿ ಕೆಲಸಕ್ಕೆ ಬಂದವರ ಮಕ್ಕಳೂ ಬರುತ್ತಾರೆ. (ಮೇಡಂ ಕನ್ನಡದಲ್ಲಿ ಕೇಳುತ್ತಾರೆ, ಮಕ್ಕಳು ಮರಾಠಿಯಲ್ಲಿ ಉತ್ತರಿಸುತ್ತಾರೆ. ಇಬ್ಬರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.)

ಮೇಡಂ ಫೋನ್ ಮಾಡಿದರು. "ಸರ್, ಈ ಸಲ ಕೈಗಾರಿಕೆ ಇತಿಹಾಸ ಮಾಡೋಣಂತ. ಪಾಠ ಬ್ಯಾಡ, ಆಟ ಆಡಿಸಿ ಕಲಿಸೋದು. ನೀವು ಬಂದು ಟೈಮ್ ನೋಡ್ರಿ, ಬಹುಮಾನ ಕೊಡ್ರಿ. ಈ ಕೆಲಸಕ್ಕ ನಿಮ್ಮಂಥಾ ಕಟ್ಟುನಿಟ್ಟಿನ ಮನುಷ್ಯಾನ ಬೇಕು."

ಇಂಥ ಹೊಗಳಿಕೆಗೆ ಯಾರು ತಾನೇ ಬೀಳುವುದಿಲ್ಲ? ಶನಿವಾರ ರೈಲು ಹತ್ತಿದೆ.

ಭಾನುವಾರ ಬೆಳಿಗ್ಗೆ ಹದಿನಾರು ಮಕ್ಕಳನ್ನು ಪನ್‌ಚಕ್ಕಿಗೆ ಕರೆದೊಯ್ದರು. ದೂರದ ಗುಡ್ಡದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದುಬಂದು ಬೀಸುಕಲ್ಲು ತಿರುಗಿಸುತ್ತಿದ್ದ ಹಳೆಯ ಗಿರಣಿ ಅದು. ಮಕ್ಕಳು ನೀರಿಗೆ ಕೈ ಅದ್ದಿ ನೋಡಿದರು.

"ಮನ್ಯಾಗ ಅಜ್ಜಿ ಬೀಸುಕಲ್ಲು ಕೈಲೇ ತಿರುಗಸ್ತಿದ್ಲು. ಇಲ್ಲೆ ನೀರು ತಿರುಗಸ್ತದ. ಹಂಗಾರ ಕೈ ಏನಾತು?" ಎಂದು ಮೇಡಂ ಕೇಳಿದರು.

"ಹಾತಾಲಾ ಸುಟ್ಟಿ!" ಎಂದ ಅಥರ್ವ. ಕೈಗೆ ರಜೆ. ಬ್ಯಾಂಕ್ ಮ್ಯಾನೇಜರರ ಮಗ, ಬಾಯಿಗೆ ಬ್ರೇಕಿಲ್ಲದವನು. ಎಲ್ಲರೂ ನಕ್ಕರು. ನಾನೂ ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಳ್ಳೆಯ ಹೆಡ್‌ಲೈನ್ ಅನ್ನಿಸಿತ್ತು.

ಅಲ್ಲಿಂದ ಕ್ಲಾಸ್ ನಡೆಯುವ ಹಾಲ್‌ಗೆ ಬಂದೆವು. ಮೊದಲ ಸುತ್ತು: ಪ್ರತಿ ಮಗುವೂ ಒಂದು ಕಾಗದದ ಚೀಲವನ್ನು ಪೂರ್ತಿ ತಾನೇ ಮಾಡಬೇಕು. ಕತ್ತರಿಸು, ಮಡಚು, ಅಂಟಿಸು, ಹೂವಿನ ಅಚ್ಚೊತ್ತು, ದಾರ ಕಟ್ಟು. ಗದ್ದಲವೋ ಗದ್ದಲ. ಒಬ್ಬಳ ಅಂಟು ಇನ್ನೊಬ್ಬಳ ಜಡೆಗೆ. ಅಥರ್ವನ ಚೀಲಕ್ಕೆ ಮೀಸೆ ಬಂತು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಚೀಲ, ಒಂದರಂತೆ ಒಂದಿಲ್ಲ. (ಇಬ್ಬರದು ಮುಗಿಯಲೇ ಇಲ್ಲ, ಅವರು ಜಗಳದಲ್ಲಿದ್ದರು.)

ಎರಡನೆಯ ಸುತ್ತು ಕಾರ್ಖಾನೆ. ಎಂಟೆಂಟು ಮಕ್ಕಳ ಎರಡು ತಂಡ, ಒಂದಾದ ಮೇಲೆ ಒಂದು. ಉದ್ದ ಮೇಜು. ಒಬ್ಬರಿಗೆ ಒಂದೇ ಕೆಲಸ. ನಡುವೆ ಗುರುರಾಜ ಮಾಡಿದ್ದ 'ಪ್ರೆಸ್'.

ಅದನ್ನು ಸ್ವಲ್ಪ ವಿವರಿಸಬೇಕು. ಗುರುರಾಜ ಬ್ಯಾಂಕ್ ಕೆಲಸದ ಮೇಲೆ ಸಣ್ಣ ಪುಟ್ಟ ವರ್ಕ್‌ಶಾಪ್‌ಗಳಿಗೆ ಹೋಗಿ ಪವರ್ ಪ್ರೆಸ್ ನೋಡಿದ್ದರು. ತಗಡಿನ ಮೇಲೆ ಭಾರವಾದ ಅಚ್ಚು ಬಂದು ಬೀಳುವ ಯಂತ್ರ. ಅದಕ್ಕೆ ಎರಡು ಬಟನ್. ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಅಚ್ಚು ಬೀಳುತ್ತದೆ. ಯಾಕೆ ಹೀಗೆ? ಎರಡೂ ಕೈ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರಲು ಸಾಧ್ಯವಿಲ್ಲ.

ಗುರುರಾಜ ಮನೆಯ ಕಾಲಿಂಗ್ ಬೆಲ್ಲಿನ ಎರಡು ಸ್ವಿಚ್, ಬ್ಯಾಟರಿ, ಒಂದು ಬಜರ್ ಜೋಡಿಸಿ ಅದರ ಆಟಿಕೆ ರೂಪ ಮಾಡಿದ್ದರು. ಎರಡೂ ಸ್ವಿಚ್ ಒತ್ತಿದರೆ ಬಜರ್ ಕೂಗುತ್ತದೆ. ಕೂಗಿದ ಕೂಡಲೇ ರಟ್ಟಿನ ಗೋಡೆಯ ಹಿಂದೆ ಕುಳಿತ ಗುರುರಾಜ ಹಗ್ಗ ಬಿಡುತ್ತಾರೆ. ಹಲಗೆ ಬೀಳುತ್ತದೆ. ಅದರ ತಳಕ್ಕೆ ಅಂಟಿಸಿದ ಕೆಂಪು ಶಾಯಿಯ ಹೂವು ಕಾಗದದ ಮೇಲೆ ಮೂಡುತ್ತದೆ. ಹಲಗೆ ಹಗುರ, ಅಂಚಿಗೆಲ್ಲ ಸ್ಪಂಜು. ಮಕ್ಕಳಿಗೆ ಕೊಡುವ ಮೊದಲು ಅವರು ತಮ್ಮ ಕೈಯನ್ನೇ ಕೆಳಗಿಟ್ಟು ಪರೀಕ್ಷೆ ಮಾಡಿದ್ದರಂತೆ.

"ಮಷೀನಿಗೆ ಇಷ್ಟು ಬುದ್ಧಿ ಬರ್ಲಿಕ್ಕೆ ಭಾಳ ವರ್ಷ ಹಿಡೀತು," ಎಂದರು ಮೇಡಂ ಮಕ್ಕಳಿಗೆ. "ಅಷ್ಟ್ರೊಳಗ ಎಷ್ಟೋ ಮಂದೀದು ಬೆರಳು ಹೋದ್ವು. ಇದೂ ಇತಿಹಾಸಾನ. ನೆನಪಿಡ್ರಿ."

ಫೋನಿನಲ್ಲಿದ್ದ ಸೈರನ್ ಕೂಗಿತು. ನಾನು ಸ್ಟಾಪ್‌ವಾಚ್ ಒತ್ತಿದೆ.

ಮೊದಲ ತಂಡದ ಪ್ರೆಸ್‌ಗೆ ಅಥರ್ವ ಕೂತಿದ್ದ. ಕಾಗದ ಇಡು, ಕೈ ತೆಗೆ, ಎರಡೂ ಬಟನ್ ಒತ್ತು, ಹೂವು, ಕೈ ಹಾಕಿ ಕಾಗದ ತೆಗೆ. ನಿಧಾನದ ಕೆಲಸ. ಅವನ ಹಿಂದೆ ಕಾಗದ ರಾಶಿಯಾಗುತ್ತಾ ಹೋಯಿತು. "ಅರೇ ಲವಕರ್!" ಬೇಗ ಬೇಗ, ಎಂದು ಮುಂದಿನವಳು ಬೈದಳು. ಹದಿನೈದು ನಿಮಿಷಕ್ಕೆ ಇಪ್ಪತ್ತೆರಡು ಚೀಲ.

ಎರಡನೆಯ ತಂಡದ ಪ್ರೆಸ್‌ಗೆ ಶಿವಲೀಲಾ ಬಂದಳು. ಸಿಂದಗಿ ಕಡೆಯ ಕುಟುಂಬ. ಅಪ್ಪ ಊರಾಚೆಯ ಒಂದು ಶೆಡ್ಡಿನಲ್ಲಿ ಕೆಲಸಗಾರ, ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಎರಡು ಜಡೆ, ಎರಡಕ್ಕೂ ಕೆಂಪು ರಿಬ್ಬನ್. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ.

ಮೂರು ನಿಮಿಷ ಅವಳೂ ಅಥರ್ವನಂತೆಯೇ ಮಾಡಿದಳು. ಆಮೇಲೆ ಎಡ ಜಡೆಯ ರಿಬ್ಬನ್ ಬಿಚ್ಚಿದಳು. ಒಂದು ತುಂಡು ಪೆನ್ಸಿಲನ್ನು ಎಡಗಡೆ ಬಟನ್ ಮೇಲೆ ಅಡ್ಡ ಇಟ್ಟು, ಅದು ಒತ್ತಿಕೊಂಡೇ ಇರುವಂತೆ ರಿಬ್ಬನ್ನಿನಿಂದ ಬಿಗಿದು ಕಟ್ಟಿದಳು. ಎರಡು ಸುತ್ತು, ಒಂದು ಗಂಟು. ಹಲ್ಲಿನಿಂದ ಎಳೆದು ಗಟ್ಟಿ ಮಾಡಿದಳು.

ಈಗ ಬಲಗಡೆ ಬಟನ್ ಒಂದೇ ಸಾಕು. ಎಡಗೈಗೆ ರಜೆ.

ರಜೆಯೇ? ಅದು ಒಳಗೆ ಹೋಯಿತು. ಕಾಗದ ಇಟ್ಟಿತು, ಹೊರಗೆ ಬಂತು. ಬಜರ್. ಹಲಗೆ. ಮತ್ತೆ ಒಳಗೆ, ಕಾಗದ ಎಳೆಯಿತು, ಹೊಸದು ಇಟ್ಟಿತು. ಬಜರ್. ಹಲಗೆ. ಅವಳು ಕೈಯನ್ನು ನೋಡುತ್ತಿರಲಿಲ್ಲ. ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದಳು.

ಆಗ ನನ್ನ ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಇದು: 'ಮಾತು ನಿಂತಿದೆ. ಯಾರೂ ಸುಮ್ಮನಿರಲು ಹೇಳಿಲ್ಲ.'

ನಿಜಕ್ಕೂ ಹಾಗೇ ಆಗಿತ್ತು. ಅರ್ಧ ಗಂಟೆ ಮೊದಲು ಮೀನು ಪೇಟೆಯಂತಿದ್ದ ಹಾಲ್‌ನಲ್ಲಿ ಬಜರ್, ಹಲಗೆ, ಕತ್ತರಿ ಇಷ್ಟೇ ಸದ್ದು. ಎಂಟು ಮಕ್ಕಳ ಕುತ್ತಿಗೆ ಒಂದೇ ಕೋನದಲ್ಲಿ ಬಾಗಿತ್ತು. ಅಂಟು ಹಚ್ಚುತ್ತಿದ್ದ ಪುಟ್ಟಿಯೊಬ್ಬಳ ಮೂಗಿನಿಂದ ಸಿಂಬಳ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಪುರಸತ್ತಿರಲಿಲ್ಲ. ಆಡಿ ಮುಗಿಸಿದ್ದ ಮೊದಲ ತಂಡವೂ ಬಾಯಿ ಮುಚ್ಚಿ ಗೋಡೆಗೊರಗಿ ನಿಂತಿತ್ತು. ಅಥರ್ವನೂ. ಎಲ್ಲರ ಕಣ್ಣು ಆ ಎಡಗೈಯ ಮೇಲೆ. ಒಳಗೆ, ಹೊರಗೆ. ಒಳಗೆ, ಹೊರಗೆ.

ಗುರುರಾಜ ರಟ್ಟಿನ ಹಿಂದಿದ್ದರು. ಅವರಿಗೆ ಕೈ ಕಾಣುತ್ತಿರಲಿಲ್ಲ. ಬಜರ್ ಕೇಳುತ್ತಿತ್ತು, ಹಗ್ಗ ಬಿಡುತ್ತಿದ್ದರು. ಬಜರ್ ಬಂತೆಂದರೆ ಎರಡೂ ಕೈ ಹೊರಗಿವೆ ಎಂದೇ ಅವರ ನಂಬಿಕೆ. ತಾವೇ ಮಾಡಿದ ಯಂತ್ರವಲ್ಲವೇ?

ಸೈರನ್ ಕೂಗಿತು. ಎಲ್ಲರ ಕೈ ನಿಂತಿತು. ಶಿವಲೀಲಾಳ ಎಡಗೈ ಮಾತ್ರ ಖಾಲಿ ಹಲಗೆಯ ಕೆಳಗೆ ಇನ್ನೂ ಮೂರು ಸಲ ಹೋಗಿ ಬಂತು. ಆಮೇಲೆ ಅವಳೇ ಬಲಗೈಯಿಂದ ಅದನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡಳು.

ನಲವತ್ತೊಂದು ಚೀಲ! ಚಪ್ಪಾಳೆಯೋ ಚಪ್ಪಾಳೆ. ಮೇಡಂ ಒಬ್ಬರೇ ಚಪ್ಪಾಳೆಯ ನಡುವೆ ರಿಬ್ಬನ್ ಕಟ್ಟಿದ ಬಟನ್ ನೋಡುತ್ತಾ ನಿಂತಿದ್ದರು. ಅದನ್ನು ಗಮನಿಸಿದೆ. ಆದರೆ ನಾನು ಪೆನ್ ತೆಗೆದು ಆಗಿತ್ತು. 'ಸಮಯಸ್ಫೂರ್ತಿಗಾಗಿ' ಎಂದು ಬರೆದೆ.

"ಹೇಗೆ ಹೊಳೆಯಿತಮ್ಮಾ ಈ ಉಪಾಯ?" ಎಂದು ಕೇಳಿದೆ.

"ಒಂದ್ ಕೈ ರಿಕಾಮಿ ಉಳಿತೈತಲ್ರಿ ಸರ್," ಎಂದಳು. ಅವತ್ತಿನ ಮೊದಲ ಮಾತು. ಒಂದು ಕೈ ಬಿಡುವಾಗುತ್ತದಲ್ಲ!

ಅವಳ ಎರಡೂ ಕೈ ಹಿಡಿದು ಕುಲುಕಿದೆ. ಎಡಗೈಯ ಎರಡು ಉಗುರು ಕೆಂಪಗಿದ್ದವು. ನೇಲ್ ಪಾಲಿಶ್ ಅಂದುಕೊಂಡೆ. ಹೆಣ್ಣುಮಗು, ಭಾನುವಾರ. (ಎರಡೇ ಬೆರಳಿಗೆ ಯಾರು ಪಾಲಿಶ್ ಹಚ್ಚುತ್ತಾರೆ? ಕೇಳಬೇಕಾದ ಪ್ರಶ್ನೆ. ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು ಕೇಳಲಿಲ್ಲ.)

ಮಕ್ಕಳನ್ನು ಕರೆದೊಯ್ಯಲು ಮನೆಯವರು ಬಂದರು. ಶಿವಲೀಲಾಳ ಅಪ್ಪ ಶರಣಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಅವಳು ಹಾಳೆ ಹಿಡಿದು ಓಡಿದಳು. "ಅಪ್ಪಾ, ನಂಬರ್ ಒನ್!"

ಆತನ ಮುಖ ಅರಳಿತು. ಎರಡು ಕ್ಷಣ ಅಷ್ಟೇ. ಮಗಳ ತಲೆಯ ಮೇಲೆ ಕೈಯಿಟ್ಟವನಿಗೆ ಬಿಚ್ಚಿದ ಜಡೆ ಸಿಕ್ಕಿತು. "ರಿಬ್ಬನ್ ಎಲ್ಲೈತಿ?" ಎಂದ. ಅವಳು ಮೇಜಿನ ಕಡೆ ಬೆರಳು ತೋರಿಸಿದಳು.

ಶರಣಪ್ಪ ಮೇಜಿನ ಹತ್ತಿರ ಬಂದು ಆ ಗಂಟನ್ನು ನೋಡಿದ. ಮುಟ್ಟಲಿಲ್ಲ. ತಿರುಗಿ ಮಗಳ ಎಡಗೈ ತೆಗೆದುಕೊಂಡ. ಒಂದೊಂದೇ ಬೆರಳು ಹಿಡಿದು ನೋಡಿದ. ಕೆಂಪು ಉಗುರುಗಳನ್ನು ಹೆಬ್ಬೆರಳಿನಿಂದ ಉಜ್ಜಿದ. ಶಾಯಿ ಅವನ ಬೆರಳಿಗೂ ಅಂಟಿತು.

"ಇದನ್ನ ಯಾರು ಕಲಿಸ್ಯಾರ?"

"ನಿಂದ ನೋಡೀನಲ್ಲಪ್ಪಾ. ಶೆಡ್ಡಿಗೆ ಊಟದ ಡಬ್ಬಿ ಕೊಡಾಕ ಬಂದಾಗ."

ಗುರುರಾಜ ಹಗ್ಗ ಸುತ್ತುತ್ತಿದ್ದವರು ಅಲ್ಲೇ ನಿಂತರು.

ಹೊರಗೆ ಮೆಟ್ಟಿಲ ಮೇಲೆ ಕೂತೆವು. ಮೇಡಂ ಚಹಾ ತಂದುಕೊಟ್ಟರು. ಶರಣಪ್ಪ ಬಲಗೈಯಲ್ಲಿ ಕಪ್ ಹಿಡಿದಿದ್ದ. ಅವನ ಎಡಗೈ ಮೊಣಕಾಲಿನ ಮೇಲಿಂದ ಒಂದು ಗೇಣು ಮುಂದೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು. ಮುಂದೆ, ಹಿಂದೆ. ಮಾತಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರದೋ ಕೈ ತಂದು ಅವನ ತೋಳಿಗೆ ಜೋಡಿಸಿದ ಹಾಗೆ.

ನಾನು ನೋಡುತ್ತಿರುವುದು ಅವನಿಗೆ ಗೊತ್ತಾಯಿತು. "ತಾನ ಹೋಗತೈತ್ರಿ ಸರ್. ಊಟಕ್ಕ ಕುಂತಾಗೂ ಹೋಗತೈತಿ. ಮನ್ಯಾಗ ಹೆಂಡ್ತಿ ನಗತಾಳ, ಗಾಳಿಗೆ ತುತ್ತು ಉಣಸಾಕತ್ತೀರೇನು ಅಂತಾಳ. ಮಗಳು ಮಾತ್ರ ನಗಂಗಿಲ್ಲ. ನೋಡಕೋತ ಕುಂದರತಾಳ."

ಶೆಡ್ಡಿನಲ್ಲಿ ಅವನು ನಡೆಸುವ ಪವರ್ ಪ್ರೆಸ್‌ನ ಎಡಗಡೆ ಬಟನ್ನಿಗೂ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆಯಂತೆ.

"ಕಟ್ಟಿದ್ದೇಕೆ ಶರಣಪ್ಪ? ಅಪಾಯ ಅಂತ ಗೊತ್ತಿಲ್ಲವೇ?"

"ನಾ ಕಟ್ಟಿಲ್ರಿ. ನಾ ಬಂದಾಗ ಕಟ್ಟೇ ಇತ್ತು."

"ಮತ್ತೆ ಯಾರು ಕಟ್ಟಿದ್ದು?"

"ನನಗಿಂತ ಮೊದಲ ಒಬ್ಬಂವ ಇದ್ದ. ಎರಡು ದಿನ ನನಗ ಕೆಲಸ ತೋರಿಸ್ದ. ಅಂವನೂ ಅದನ್ನ ಅಂತಿದ್ರಿ. ತಾ ಬಂದಾಗ ಕಟ್ಟೇ ಇತ್ತು ಅಂತ. ಅದನ್ನ ಬಿಚ್ಚಿದ್ರ ಟಾರ್ಗೆಟ್ ಆಗಂಗಿಲ್ಲ. ಟಾರ್ಗೆಟ್ ಆಗಲಿಲ್ಲಂದ್ರ ಪ್ರೆಸ್ ಇನ್ನೊಬ್ಬಗ."

"ಅವನೀಗ ಎಲ್ಲಿದ್ದಾನೆ?"

"ಊರಿಗಿ ಹೋದ."

"ಯಾಕೆ?"

ಶರಣಪ್ಪ ಚಹಾ ನೋಡಿದ. ಅಲ್ಲಿಯವರೆಗೆ ಒಂದು ಕ್ಷಣವೂ ನಿಲ್ಲದ ಎಡಗೈ ಮೊಣಕಾಲಿನ ಮೇಲೆ ಸುಮ್ಮನೆ ಕೂತಿತು.

"ಹೋದ್ರಿ."

ನಮ್ಮ ಹಿಂದೆ, ಮೇಲಿನ ಮೆಟ್ಟಿಲ ಮೇಲೆ ಶಿವಲೀಲಾ ಕೂತಿದ್ದಾಳೆಂದು ಆಗಲೇ ನನಗೆ ಗೊತ್ತಾದದ್ದು. "ಅಪ್ಪಾ," ಎಂದಳು ಮೆಲ್ಲಗೆ, "ಆ ಮಾಮಾನ ಕೈಗೆ ಅರಿವಿ ಪಟ್ಟಿ ಸುತ್ತಿದ್ರಲ್ಲ."

ಶರಣಪ್ಪ ಎದ್ದ. ಚಹಾ ಅರ್ಧಕ್ಕೆ ಬಿಟ್ಟ. ಹೋಗುವ ಮೊದಲು ಶಿವಲೀಲಾ ನನಗೊಂದು ಚೀಲ ಕೊಟ್ಟಳು, ತಾನು ಅಚ್ಚೊತ್ತಿದ್ದು. ಮೇಡಂ ಅದರಲ್ಲಿ ನಾಲ್ಕು ಪೇರಲೆ ಹಣ್ಣು ಹಾಕಿದರು.

ವಾಪಸ್ ರೈಲು ಮನಮಾಡ್ ಬಿಟ್ಟ ಮೇಲೆ ಹಣ್ಣು ತೆಗೆಯಲು ಚೀಲ ಕೈಗೆತ್ತಿಕೊಂಡೆ. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿತ್ತು. ಹೂವು ಪೂರ್ತಿ ಇರಲಿಲ್ಲ. ಐದು ಎಸಳಲ್ಲಿ ಒಂದೂವರೆ ಎಸಳು ಮೂಡಿರಲಿಲ್ಲ. ಅಲ್ಲಿ ಬಿಳಿ ಖಾಲಿ ಜಾಗ. ಚೀಲವನ್ನು ತಿರುಗಿಸಿ ಹಿಡಿದೆ. ಆ ಖಾಲಿ ಜಾಗಕ್ಕೆ ಆಕಾರವಿತ್ತು. ಪಕ್ಕಪಕ್ಕದಲ್ಲಿ ಎರಡು ಬೆರಳ ತುದಿ. ಸಣ್ಣವು.

ಮೂಡದ ಎಸಳು ಎಲ್ಲಿಗೆ ಹೋಗಿತ್ತು? ಶಿವಲೀಲಾಳ ಎರಡು ಉಗುರಿಗೆ. ಆ ಕೈಯನ್ನೇ ನಾನು ಕುಲುಕಿ ಬಂದಿದ್ದೆ.

ಹಲಗೆ ಬಿದ್ದಾಗ ಅವಳು ಕೈ ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ. ಸ್ಪಂಜಿನ ಹಲಗೆಯೇ, ನೋವಾಗಿರಲಿಕ್ಕಿಲ್ಲ. ಆದರೆ ಹೂವು ಕೆಟ್ಟ ಚೀಲವನ್ನೂ ಮುಂದಿನ ಮಗು ಮಡಚಿತು, ಅದರ ಮುಂದಿನದು ಅಂಟಿಸಿತು, ಕೊನೆಯದು ದಾರ ಕಟ್ಟಿತು. ನಾನು ಎಣಿಸಿದೆ. ನಲವತ್ತೊಂದರಲ್ಲಿ ಅದೂ ಒಂದು.

ಪೇರಲೆ ತಿನ್ನಲಾಗಲಿಲ್ಲ. ನಾಸಿಕ್ ರೋಡ್ ಬರುವವರೆಗೆ ನನ್ನ ಎಡಗೈಯನ್ನು ಬ್ಯಾಗಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಯಾಕೆಂದು ಕೇಳಬೇಡಿ.

ಎರಡು ವಾರ ಬಿಟ್ಟು ಶರಣಪ್ಪನಿಗೆ ಫೋನ್ ಮಾಡಿದೆ. ಫೋನ್ ಎತ್ತಿದ್ದು ಶಿವಲೀಲಾ.

"ಎಷ್ಟವಮ್ಮಾ?" ಎಂದು ಕೇಳಿಬಿಟ್ಟೆ. ಏನೆಂದು ಹೇಳಲೂ ಇಲ್ಲ. ಅವಳಿಗೆ ಅರ್ಥವಾಯಿತು.

"ಅಪ್ಪಂದು ಹತ್ತೂ ಅದಾವ್ರಿ ಸರ್. ದಿನಾ ಎಣಸ್ತೀನಿ."

ಆಮೇಲೆ ಶರಣಪ್ಪ ಹೇಳಿದ್ದು ಇಷ್ಟು. ಆ ಭಾನುವಾರದ ಮರುದಿನ ಬ್ಲೇಡಿನಿಂದ ಟ್ಯೂಬು ಕತ್ತರಿಸಿದ. ಎರಡೂ ಕೈಯಿಂದ ಒತ್ತಿದ. ಟಾರ್ಗೆಟ್ ಆಗಲಿಲ್ಲ. ಸೂಪರ್‌ವೈಸರ್ ಬೈಯಲಿಲ್ಲ, ನಕ್ಕ. ಮಂಗಳವಾರವೂ ಹಾಗೇ ಆಯಿತು. ಬುಧವಾರ ಚಹಾ ಕುಡಿದು ಬಂದು ನೋಡಿದರೆ ಎಡಗಡೆ ಬಟನ್ನಿಗೆ ಹೊಸ ಟ್ಯೂಬು. ಸುತ್ತಲಿನ ಎಲ್ಲರನ್ನೂ ಕೇಳಿದ. ಯಾರೂ ಕಟ್ಟಿಲ್ಲ. ಯಾರೂ ನೋಡಿಲ್ಲ. ಮತ್ತೆ ಕತ್ತರಿಸಿದ. ಗುರುವಾರ ಸೂಪರ್‌ವೈಸರ್ ಹೆಗಲ ಮೇಲೆ ಕೈಯಿಟ್ಟು ಹೇಳಿದ, "ಮಾಮಾ, ಉದ್ಯಾಪಾಸೂನ್ ತುಮ್ಹೀ ಪ್ಯಾಕಿಂಗಲಾ." ನಾಳೆಯಿಂದ ನೀವು ಪ್ಯಾಕಿಂಗಿಗೆ.

"ಒಳ್ಳೇದಾಯಿತಲ್ಲ ಶರಣಪ್ಪ!"

"ಹೌದ್ರಿ. ಡಬ್ಬಕ್ಕ ಟೇಪ್ ಹಚ್ಚೋದು. ಕೈ ಮಾತ್ರ ಇನ್ನೂ ಹೋಗತೈತಿ. ಮಂದಿ ನಗತಾರ."

ಫೋನನ್ನು ಮತ್ತೆ ಮಗಳಿಗೆ ಕೊಡಿಸಿ ಬಹುಮಾನದ ಮಾತೂ ತೆಗೆದೆ. ಆ ಹಾಳೆ ವಾಪಸ್ ಕೊಡಮ್ಮಾ, ಬೇರೆ ಬರೆದುಕೊಡುತ್ತೇನೆ, ಅದರಲ್ಲಿ ತಪ್ಪಿದೆ ಎಂದೆ. ಶಿವಲೀಲಾ, "ಕೊಡಂಗಿಲ್ರಿ. ಅವ್ವ ಲ್ಯಾಮಿನೇಷನ್ ಮಾಡಿಸ್ಯಾಳ," ಎಂದಳು. ಗೋಡೆಗೆ ಹಾಕಿದ್ದಾರಂತೆ. ಅತ್ಯುತ್ತಮ ಕೆಲಸಗಾರ್ತಿ, ಸಮಯಸ್ಫೂರ್ತಿಗಾಗಿ, ನನ್ನ ಸಹಿ, ಮೇಲೆ ಪ್ಲಾಸ್ಟಿಕ್ಕು. ಇನ್ನು ಅದನ್ನು ಯಾವ ಪೆನ್ನೂ ತಿದ್ದಲಾರದು.

ವೀಣಾ ಮೇಡಂ ಆ ಆಟವನ್ನು ಕೈಬಿಟ್ಟಿಲ್ಲ. ಮುಂದಿನ ಭಾನುವಾರ ರಿಬ್ಬನ್ ಕಟ್ಟಿದ ಬಟನ್ನನ್ನು ಹಾಗೇ ಮೇಜಿನ ನಡುವೆ ಇಟ್ಟು, ಬಿಳಿ ಬೆರಳಿದ್ದ ಇನ್ನೆರಡು ಚೀಲಗಳನ್ನು ಪಕ್ಕಕ್ಕಿಟ್ಟು, "ಇತಿಹಾಸದ ಪಾಠ ಇಲ್ಲಿಂದ ಶುರು," ಎಂದರಂತೆ. (ಹೌದು, ಇನ್ನೆರಡು ಇದ್ದವು.) ಮೊದಲು ಕೇಳಿದ್ದು, "ಇದನ್ನ ನೋಡಿದವರು ಕೈ ಎತ್ರಿ." ಹದಿನಾರೂ ಮಕ್ಕಳು ಕೈ ಎತ್ತಿದರು. "ತಪ್ಪು ಅಂದವರು?" ಒಂದೂ ಇಲ್ಲ. ಅಥರ್ವ ಮಾತ್ರ, "ಮೇಡಂ, ಸರ್‌ಗೂ ಗೊತ್ತಾಗಲಿಲ್ಲ ನಾ?" ಎಂದನಂತೆ. ಆ ಸರ್ ನಾನು.

ತಿದ್ದುಪಡಿ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ದಿನ ಫೋನ್ ಇಡುವ ಮೊದಲು ಶರಣಪ್ಪನನ್ನು ಮತ್ತೆ ಕರೆಸಿ ಒಂದು ಮಾತು ಕೇಳಿದೆ. ಆ ಪ್ರೆಸ್ ಈಗ ನಿಂತಿದೆಯೇ?

"ಯಾಕ ನಿಂದರತೈತ್ರಿ? ಶುಕ್ರವಾರ ಹೊಸಬ ಬಂದಾನ. ಇನ್ನೂ ಸಣ್ಣಂವ. ಮೊದಲ ದಿನಾನ ಅಂವಗ ಹೇಳೀನಿ, ತಮ್ಮಾ ಅದನ್ನ ಬಿಚ್ಚು, ಕಟ್ಟಬ್ಯಾಡ ಅಂತ."

"ಏನೆಂದ?"

"ನಾ ಕಟ್ಟಿಲ್ಲ, ನಾ ಬಂದಾಗ ಕಟ್ಟೇ ಇತ್ತು, ಅಂದ್ರಿ."